ಹೊಸ ಏರ್ ರೈಫಲ್ ಮನೆಗೆ ಬಂದಿದೆ: ಇನ್ನು ಯಾವ ಸೈಟ್, ಯಾವ ಸಾಮಾನು?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ 6 ಪದಕಗಳಲ್ಲಿ 3 ಶೂಟಿಂಗ್‌ನವು. 10 ಮೀಟರ್ ಏರ್ ರೈಫಲ್‌ನಲ್ಲಿ ಅರ್ಜುನ್ ಬಬೂಟಾ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡರು. ಅದಕ್ಕೆ ಒಂದು ವರ್ಷ ಮುಂಚೆ, ಇನ್ನೂ ಶಾಲೆಗೆ ಹೋಗುವ ವಯಸ್ಸಿನ ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ ಇದೇ ಆಟದಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಬೆಳ್ಳಿ ಗೆದ್ದು, ದೇಶಕ್ಕೆ ಒಲಿಂಪಿಕ್ ಕೋಟಾ, ಅಂದರೆ ಅಲ್ಲಿ ಸ್ಪರ್ಧಿಸಲು ಒಂದು ಜಾಗ, ತಂದಿದ್ದಳು. ಇದನ್ನೆಲ್ಲ ಟಿವಿಯಲ್ಲಿ ನೋಡಿದ ಮಗುವಿಗೆ ಆಸೆ ಹುಟ್ಟುತ್ತದೆ. ಒಂದಷ್ಟು ದಿನ ಕ್ಲಬ್ಬಿನ ರೈಫಲ್ ಹಿಡಿದು ಕಲಿಯುತ್ತದೆ. ಕೊನೆಗೊಂದು ದಿನ ಸ್ವಂತದ ರೈಫಲ್ ಮನೆಗೆ ಬರುತ್ತದೆ.

ಅಸಲಿ ಗೊಂದಲ ಶುರುವಾಗುವುದು ಆಮೇಲೆ. ಗುರಿ ಹಿಡಿಯಲು ರೈಫಲ್ ಮೇಲೆ ಕೂರಿಸುವ ಸಾಧನಕ್ಕೆ ಸೈಟ್ ಎನ್ನುತ್ತಾರೆ. ಅದರ ಭಾಗಗಳು, ಜೊತೆಗೆ ಬೇಕಾದ ಸಾಮಾನುಗಳು ಒಂದೆರಡಲ್ಲ. ಡಯಾಪ್ಟರ್, ಐರಿಸ್, ಇನ್ಸರ್ಟ್, ಬ್ಲೈಂಡರ್, ಫಿಲ್ಟರ್, ಲೆವೆಲ್, ಜಾಕೆಟ್, ಷೂ ಅಂತ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಯಾವುದು ಈಗಲೇ ಬೇಕು, ಯಾವುದು ಎರಡು ವರ್ಷ ಬಿಟ್ಟು ಸಾಕು ಎಂದು ಮನೆಯವರಿಗೆ ತಿಳಿಯುವುದಿಲ್ಲ. ಇವುಗಳಲ್ಲಿ ಒಂದೊಂದೂ ಏನು ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ಅರ್ಧ ಗೊಂದಲ ತಾನಾಗಿ ಹೋಗುತ್ತದೆ.

ಮೊದಲು ಗುರಿ ನೋಡೋಣ

ಏರ್ ರೈಫಲ್‌ನಲ್ಲಿ ಮದ್ದು ಇರುವುದಿಲ್ಲ. ಸಿಲಿಂಡರಿನಲ್ಲಿ ಒತ್ತಿಟ್ಟ ಗಾಳಿ 4.5 ಮಿ.ಮೀ. ದಪ್ಪದ ಸೀಸದ ಪೆಲೆಟ್ಟನ್ನು ತಳ್ಳುತ್ತದೆ. ಸ್ಪರ್ಧೆಯ ರೈಫಲ್‌ನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 170 ಮೀಟರ್.

ಗುರಿ ಇರುವುದು 10 ಮೀಟರ್ ದೂರದಲ್ಲಿ. ಅದರ ನಡುವಿನ ಕಪ್ಪು ಭಾಗ 30.5 ಮಿ.ಮೀ. ಅಗಲ, ಅಂದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಅದರ ಮಧ್ಯದ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ. ಮಾತ್ರ. ಬಾಲ್ ಪೆನ್ನಿನ ತುದಿಯನ್ನು ಕಾಗದಕ್ಕೆ ಒಮ್ಮೆ ಮುಟ್ಟಿಸಿ ನೋಡಿ, ಅಷ್ಟು. ಪೆಲೆಟ್ ಆ ಚುಕ್ಕೆಯ ಸರಿಮಧ್ಯಕ್ಕೆ ಬಿದ್ದರೆ 10.9. ಮಧ್ಯದಿಂದ ಪ್ರತಿ ಕಾಲು ಮಿ.ಮೀ. ದೂರ ಸರಿದಂತೆ 0.1 ಅಂಕ ಕಡಿಮೆಯಾಗುತ್ತದೆ.

ಅರ್ಹತಾ ಸುತ್ತಿನಲ್ಲಿ ಹೀಗೆ 60 ಹೊಡೆತ. ಒಟ್ಟು 654 ಅಂಕಕ್ಕೆ 630 ದಾಟುವವರು ವಿಶ್ವಮಟ್ಟದವರು. 630 ಅಂದರೆ ಒಂದು ಹೊಡೆತಕ್ಕೆ ಸರಾಸರಿ 10.5. ಅವರ ಪೆಲೆಟ್ ಮಧ್ಯದಿಂದ ಸರಾಸರಿ ಒಂದು ಮಿ.ಮೀ. ಆಚೀಚೆ ಬೀಳುತ್ತದೆ, ಅಷ್ಟೇ. ಈ ಆಟದ ಸಾಮಾನುಗಳೆಲ್ಲ ಇಷ್ಟು ಸೂಕ್ಷ್ಮವಾಗಿರುವುದು ಇದೇ ಕಾರಣಕ್ಕೆ.

ಸ್ಕೋಪ್ ಯಾಕೆ ಇಲ್ಲ?

ರೈಫಲ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾದಲ್ಲಿ ಅದರ ಮೇಲಿರುವ ದುರ್ಬೀನು, ಅಂದರೆ ಸ್ಕೋಪ್. ಒಲಿಂಪಿಕ್ ಶೂಟಿಂಗ್‌ನಲ್ಲಿ ಅದಕ್ಕೆ ಜಾಗವಿಲ್ಲ. ಸೈಟಿನಲ್ಲಿ ಯಾವ ಮಸೂರವೂ ಇರಬಾರದು ಎನ್ನುವುದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ. ಕನ್ನಡಕ ಹಾಕಿಕೊಳ್ಳಬಹುದು. ಬೆಳಕು ತಗ್ಗಿಸುವ ಬಣ್ಣದ ಫಿಲ್ಟರ್ ಕೂರಿಸಬಹುದು. ಆದರೆ ಗುರಿಯನ್ನು ದೊಡ್ಡದು ಮಾಡಿ ತೋರಿಸುವ ಗಾಜು ರೈಫಲ್ ಮೇಲೆ ಇರುವಂತಿಲ್ಲ.

ಹಾಗಾಗಿ ಸ್ಪರ್ಧೆಗೆ ಇಳಿಯುವ ಮಗುವಿಗೆ ಸ್ಕೋಪ್ ಕೊಡಿಸಿದರೆ ಆ ದುಡ್ಡು ಸುಮ್ನೆ ಹೋದಂತೆ. ಅದರ ಬದಲು ಇಲ್ಲಿ ಬಳಸುವುದು ಪೀಪ್ ಸೈಟ್.

ಎರಡು ಕಿಂಡಿಗಳ ಕೆಲಸ

ಪೀಪ್ ಸೈಟ್ ಅಂದರೆ ಎರಡು ಭಾಗ. ಕಣ್ಣಿನ ಹತ್ತಿರ ಇರುವುದು ಹಿಂದಿನ ಸೈಟ್. ಇದನ್ನೇ ಡಯಾಪ್ಟರ್ ಎನ್ನುತ್ತಾರೆ. ಅದರಲ್ಲಿ ಒಂದು ಮಿ.ಮೀ. ಆಸುಪಾಸಿನ ಸಣ್ಣ ಕಿಂಡಿ. ನಳಿಕೆಯ ತುದಿಯಲ್ಲಿ ಇರುವುದು ಮುಂದಿನ ಸೈಟ್. ಅದು ಸಣ್ಣ ಕೊಳವೆ. ಅದರೊಳಗೆ ಒಂದು ಉಂಗುರ ಕೂರಿಸುತ್ತಾರೆ. ಇದೇ ಇನ್ಸರ್ಟ್.

ಹಿಂದಿನ ಕಿಂಡಿಯಲ್ಲಿ ಇಣುಕಿದರೆ ಮುಂದಿನ ಕೊಳವೆ ದುಂಡಗೆ ಕಾಣುತ್ತದೆ. ಅದರೊಳಗೆ ಉಂಗುರ. ಉಂಗುರದೊಳಗೆ ಗುರಿಯ ಕಪ್ಪು. ದುಂಡಗಿನದರೊಳಗೆ ದುಂಡಗಿನದು, ಅದರೊಳಗೆ ಇನ್ನೊಂದು. ಎಲ್ಲದರ ಸುತ್ತಲೂ ಬಿಳಿ ಅಂಚು ಸಮವಾಗಿ ಕಂಡಾಗ ಟ್ರಿಗರ್ ಒತ್ತಬೇಕು.

ದುಂಡಗಿನ ಆಕಾರ ಯಾಕೆ? ತಟ್ಟೆಯ ಮಧ್ಯದಲ್ಲಿ ಒಂದು ಲೋಟ ಇಟ್ಟು ನೋಡಿ. ಲೋಟ ಸ್ವಲ್ಪ ಒಂದು ಕಡೆ ಸರಿದಿದ್ದರೂ ಅಳತೆಪಟ್ಟಿ ಇಲ್ಲದೆ ಗೊತ್ತಾಗುತ್ತದೆ. ಸುತ್ತಲಿನ ಜಾಗ ಸಮವಾಗಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ನಮ್ಮ ಕಣ್ಣು ಬಹಳ ಚುರುಕು. ಪೀಪ್ ಸೈಟ್ ನಿಂತಿರುವುದು ಕಣ್ಣಿನ ಈ ಗುಣದ ಮೇಲೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಹೊಸಬರು ತಪ್ಪು ತಿಳಿಯುವುದು ಇಲ್ಲೇ. ಇಡೀ ರೈಫಲ್ ನೇರವಾಗಿಯೇ ಇದ್ದು ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ ಪೆಲೆಟ್ ಕೂಡ ಒಂದು ಮಿ.ಮೀ. ಮಾತ್ರ ಪಕ್ಕಕ್ಕೆ ಬೀಳುತ್ತದೆ. ಆದರೆ ಹಿಂದಿನ ಕಿಂಡಿಗೂ ಮುಂದಿನ ಉಂಗುರಕ್ಕೂ ನಡುವೆ ಒಂದು ಮಿ.ಮೀ. ಓರೆಯಾದರೆ? ಎರಡೂ ಸೈಟ್‌ಗಳ ನಡುವೆ 75 ಸೆಂ.ಮೀ. ಇದೆ ಎಂದುಕೊಳ್ಳಿ. 10 ಮೀಟರ್ ಆಚೆ ಅದೇ ಒಂದು ಮಿ.ಮೀ. ಬೆಳೆದು 13 ಮಿ.ಮೀ. ಆಗುತ್ತದೆ. ಹತ್ತು ಬರಬೇಕಾದ ಕಡೆ ಐದು ಬರುತ್ತದೆ. ಬಾಗಿಲಿನ ಕೀಲಿನ ಹತ್ತಿರ ಬೆರಳಗಲ ಸರಿದರೆ ಹಿಡಿಯ ಹತ್ತಿರ ಮೊಳದಷ್ಟು ಸರಿಯುತ್ತದಲ್ಲ, ಹಾಗೆ.

ಅದಕ್ಕೇ ಕೋಚ್‌ಗಳು ಮತ್ತೆ ಮತ್ತೆ ಹೇಳುತ್ತಾರೆ: ಗುರಿಯನ್ನು ನೋಡಬೇಡ, ಮುಂದಿನ ಉಂಗುರ ನೋಡು. ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಹಿಡಿಯಬಲ್ಲದು. ಸೂಜಿಗೆ ದಾರ ಪೋಣಿಸುವಾಗ ಹಿಂದಿನ ಗೋಡೆ ಮಸುಕಾಗುವುದಿಲ್ಲವೇ? ಉಂಗುರ ಚೂಪಾಗಿ ಕಂಡು ಗುರಿ ತುಸು ಮಸುಕಾಗಿದ್ದರೆ ಪರವಾಗಿಲ್ಲ. ಗುರಿ ಚೂಪಾಗಿ ಕಂಡು ಉಂಗುರ ಮಸುಕಾದರೆ ಓರೆಯಾಗಿದ್ದು ಗೊತ್ತೇ ಆಗುವುದಿಲ್ಲ.

ಸೈಟ್ ಎಷ್ಟು ನಾಜೂಕು ಎನ್ನುವುದಕ್ಕೆ 2008ರ ಬೀಜಿಂಗ್ ಒಲಿಂಪಿಕ್ಸ್‌ಗಿಂತ ದೊಡ್ಡ ಉದಾಹರಣೆ ಇಲ್ಲ. ಫೈನಲ್‌ಗೆ ಮುಂಚಿನ ಅಭ್ಯಾಸದಲ್ಲಿ ಅಭಿನವ್ ಬಿಂದ್ರಾ ಅವರ ಪೆಲೆಟ್ ಗುರಿಯ ನಾಲ್ಕು ಅಂಕದ ವೃತ್ತಕ್ಕೆ ಬಿತ್ತು. ಸೈಟ್ ಜಾಗ ಬಿಟ್ಟು ಸರಿದಿತ್ತು. ಇದ್ದ ಕೆಲವೇ ನಿಮಿಷಗಳಲ್ಲಿ ಅವರು ಅದನ್ನು ಸರಿ ಮಾಡಿಕೊಂಡರು. ಆಮೇಲೆ ಕೊನೆಯ ಹೊಡೆತದಲ್ಲಿ 10.8 ಬಂತು. ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಸಿಕ್ಕಿತು.

ಮುಂದಿನ ಉಂಗುರ: ಸಣ್ಣದು ಒಳ್ಳೆಯದಲ್ಲ

ರೈಫಲ್ ಜೊತೆಗೆ ಒಂದಷ್ಟು ಉಂಗುರಗಳು ಬರುತ್ತವೆ. 3.2, 3.6, 4.0 ಹೀಗೆ ಅಳತೆ ಬರೆದಿರುತ್ತದೆ. ಹೊಸಬರ ಕೈ ಹೋಗುವುದು ಸಣ್ಣದರ ಕಡೆಗೆ. ಉಂಗುರ ಬಿಗಿಯಾದಷ್ಟೂ ಗುರಿ ಬಿಗಿಯಾಗುತ್ತದೆ ಎಂಬ ನಂಬಿಕೆ. ಅದು ಸರಿಯಲ್ಲ.

ಮುಂದಿನ ಸೈಟ್ ಕಣ್ಣಿನಿಂದ ಸುಮಾರು 90 ಸೆಂ.ಮೀ. ದೂರದಲ್ಲಿರುತ್ತದೆ. ಆ ಜಾಗದಲ್ಲಿ 10 ಮೀಟರ್ ಆಚೆಯ 30.5 ಮಿ.ಮೀ. ಕಪ್ಪು ಸುಮಾರು 2.7 ಮಿ.ಮೀ.ನಷ್ಟು ಕಾಣುತ್ತದೆ. ಅದರ ಸುತ್ತ ಬಿಳಿ ಅಂಚು ಸಾಕಷ್ಟು ಉಳಿಯಬೇಕು. ಅಂಚು ತೀರಾ ಕಿರಿದಾದರೆ, ಕೈ ತುಸು ಅಲುಗಿದರೂ ಕಪ್ಪು ಹೋಗಿ ಉಂಗುರಕ್ಕೆ ಅಂಟಿದಂತೆ ಕಾಣುತ್ತದೆ. ಮಗು ಹೆದರಿ ಟ್ರಿಗರ್ ತಡಮಾಡುತ್ತದೆ. ಕಣ್ಣು ದಣಿಯುತ್ತದೆ. ಉಸಿರು ಸಾಲುವುದಿಲ್ಲ. ಕೊನೆಗೆ ಗಾಬರಿಯಲ್ಲಿ ಟ್ರಿಗರ್ ಎಳೆದುಬಿಡುತ್ತದೆ.

ಕಲಿಯುವವರು 4 ಮಿ.ಮೀ. ಆಸುಪಾಸಿನಿಂದ ಶುರು ಮಾಡುವುದು ವಾಸಿ. ಮೈ ಅಲುಗುವುದು ಕಡಿಮೆಯಾದ ಮೇಲೆ ಬೇಕಾದರೆ ಇಳಿಸಬಹುದು. ಅನುಭವಿಗಳಲ್ಲೂ ಎಷ್ಟೋ ಜನ ದೊಡ್ಡ ಉಂಗುರದಲ್ಲೇ ಉಳಿಯುತ್ತಾರೆ. ತಿರುಗಿಸಿ ಅಳತೆ ಬದಲಿಸಬಹುದಾದ ಉಂಗುರವೂ ಸಿಗುತ್ತದೆ. ಅನುಕೂಲದ್ದೇ, ಆದರೆ ಬೆಲೆ ಜಾಸ್ತಿ. ಮೊದಲ ವರ್ಷ ಪೆಟ್ಟಿಗೆಯಲ್ಲಿ ಬಂದ ಉಂಗುರಗಳೇ ಸಾಕು.

ಹಿಂದಿನ ಕಿಂಡಿ, ಐರಿಸ್, ಕನ್ನಡಕ

ಕನ್ನಡಕ ಹಾಕುವವರು ಅದನ್ನು ತೆಗೆದು, ಮುಷ್ಟಿಯಲ್ಲಿ ಸಣ್ಣ ತೂತು ಮಾಡಿ, ಅದರಲ್ಲಿ ದೂರದ ಬೋರ್ಡ್ ನೋಡಲಿ. ಅಕ್ಷರ ಸ್ವಲ್ಪ ಸ್ಪಷ್ಟವಾಗುತ್ತದೆ. ಅಡ್ಡಾದಿಡ್ಡಿ ಬರುವ ಬೆಳಕನ್ನು ಸಣ್ಣ ತೂತು ತಡೆಯುತ್ತದೆ. ನೇರವಾಗಿ ಬರುವುದನ್ನು ಮಾತ್ರ ಒಳಗೆ ಬಿಡುತ್ತದೆ. ಹಾಗಾಗಿ ಹತ್ತಿರದ್ದೂ ದೂರದ್ದೂ ಒಟ್ಟಿಗೆ ತಕ್ಕಮಟ್ಟಿಗೆ ಸ್ಪಷ್ಟವಾಗುತ್ತವೆ. ಡಯಾಪ್ಟರ್ ಕಿಂಡಿ ಮಾಡುವುದೂ ಇದನ್ನೇ.

ಕಿಂಡಿ ಸಣ್ಣದಾದಷ್ಟೂ ಸ್ಪಷ್ಟತೆ ಹೆಚ್ಚು, ಬೆಳಕು ಕಡಿಮೆ. ತೀರಾ ಸಣ್ಣದಾದರೆ ಬೆಳಕೇ ಚದುರಿ ಮತ್ತೆ ಮಸುಕಾಗುತ್ತದೆ. ಒಂದೊಂದು ರೇಂಜಿನ, ಅಂದರೆ ಶೂಟಿಂಗ್ ನಡೆಯುವ ಜಾಗದ, ಬೆಳಕು ಒಂದೊಂದು ಥರ. ಅದಕ್ಕೆ ತಕ್ಕಂತೆ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಬಿಲ್ಲೆಯೇ ಐರಿಸ್. ನಮ್ಮ ಕಣ್ಣಿನ ಪಾಪೆ ಬಿಸಿಲಲ್ಲಿ ಕಿರಿದಾಗಿ ಕತ್ತಲಲ್ಲಿ ಅಗಲವಾಗುವ ಹಾಗೆ. ಸೈಟ್ ವಿಷಯದಲ್ಲಿ ದುಡ್ಡು ಖರ್ಚು ಮಾಡುವುದಾದರೆ ಮೊದಲು ಇದಕ್ಕೇ ಮಾಡಿ ಎನ್ನುತ್ತೇನೆ. ಬಣ್ಣದ ಫಿಲ್ಟರ್ ಕೆಲವರ ಕಣ್ಣಿಗೆ ಹಿತ, ಕೆಲವರಿಗೆ ಏನೂ ವ್ಯತ್ಯಾಸವಿಲ್ಲ. ಯಾರದ್ದಾದರೂ ಕೇಳಿ ಪಡೆದು ಒಂದು ವಾರ ಬಳಸಿ ನೋಡಿ, ಆಮೇಲೆ ತೀರ್ಮಾನಿಸಿ.

ಇದಕ್ಕೆಲ್ಲ ಮುಂಚೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬನ್ನಿ. ಮಗುವಿಗೆ ಪವರ್ ಇದ್ದು ಅದು ಯಾರಿಗೂ ಗೊತ್ತಿಲ್ಲದಿದ್ದರೆ ಎಷ್ಟು ಒಳ್ಳೆಯ ಸೈಟ್ ತಂದರೂ ಉಪಯೋಗವಿಲ್ಲ. ಮಾಮೂಲಿ ಕನ್ನಡಕದಲ್ಲಿ ಒಂದು ತೊಂದರೆ ಇದೆ. ರೈಫಲ್ ಹಿಡಿದಾಗ ತಲೆ ಮುಂದಕ್ಕೆ ವಾಲುತ್ತದೆ, ಗಾಜಿನ ಮೂಲೆಯಿಂದ ನೋಡಬೇಕಾಗುತ್ತದೆ. ಶೂಟಿಂಗ್ ಕನ್ನಡಕದಲ್ಲಿ ಗಾಜನ್ನು ಕಣ್ಣಿನ ನೇರಕ್ಕೆ ತಿರುಗಿಸಿ ನಿಲ್ಲಿಸಬಹುದು.

ಇನ್ನೊಂದು ಕಣ್ಣನ್ನು ಮುಚ್ಚಬೇಕಾ? ಬೇಡ. ಒಂದು ಕಣ್ಣು ಬಿಗಿಯಾಗಿ ಮುಚ್ಚಿದರೆ ಮುಖದ ಸ್ನಾಯು ಸೆಳೆದು ಇನ್ನೊಂದು ಕಣ್ಣೂ ಬೇಗ ದಣಿಯುತ್ತದೆ. ಎರಡೂ ತೆರೆದಿಟ್ಟು, ಗುರಿ ಹಿಡಿಯದ ಕಣ್ಣಿನ ಮುಂದೆ ಒಂದು ಪಟ್ಟಿ ಅಡ್ಡ ನಿಲ್ಲಿಸುತ್ತಾರೆ. ಇದೇ ಬ್ಲೈಂಡರ್. 30 ಮಿ.ಮೀ.ಗಿಂತ ಅಗಲ ಇರಬಾರದು ಎಂದು ನಿಯಮ ಹೇಳುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮನೆಯಲ್ಲೇ ಮಾಡಿಕೊಳ್ಳಬಹುದು. ಕಪ್ಪಗಿನದಕ್ಕಿಂತ ಬೆಳಕು ಸೂಸುವ ಬಿಳಿಯದು ಉತ್ತಮ. ಆಗ ಎರಡೂ ಕಣ್ಣಿಗೆ ಬೆಳಕು ಒಂದೇ ಸಮ ಸಿಗುತ್ತದೆ.

ಕ್ಲಿಕ್ ಲೆಕ್ಕ

ಡಯಾಪ್ಟರಿನಲ್ಲಿ ಎರಡು ತಿರುಪುಗಳಿರುತ್ತವೆ. ಒಂದು ಮೇಲೆ ಕೆಳಗೆ, ಇನ್ನೊಂದು ಎಡಕ್ಕೆ ಬಲಕ್ಕೆ. ತಿರುಗಿಸಿದರೆ ಟಕ್ ಟಕ್ ಎನ್ನುತ್ತದೆ. ಪೆಲೆಟ್ಟುಗಳು ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ಸರಿಸಬೇಕು. ಪೆಲೆಟ್ ಎತ್ತ ಹೋಗಬೇಕೋ ಹಿಂದಿನ ಸೈಟ್ ಅತ್ತ ಹೋಗಬೇಕು, ಇಷ್ಟು ನೆನಪಿದ್ದರೆ ಸಾಕು.

ಒಂದು ಹೊಡೆತ ನೋಡಿ ತಿರುಪಿಗೆ ಕೈ ಹಾಕಬಾರದು. ಐದು ಹೊಡೆಯಿರಿ. ಐದೂ ಒಂದೇ ಕಡೆ ಗುಂಪಾಗಿದ್ದರೆ ಮಾತ್ರ ಸೈಟ್ ಸರಿಪಡಿಸಿ. ಚೆಲ್ಲಾಪಿಲ್ಲಿಯಾಗಿದ್ದರೆ ಸರಿಪಡಿಸಬೇಕಾದದ್ದು ಹಿಡಿತ, ಸೈಟ್ ಅಲ್ಲ. ಒಂದು ಕ್ಲಿಕ್ಕಿಗೆ ಕಾಲು ಮಿ.ಮೀ. ಸರಿಯುತ್ತದೆ ಎಂದುಕೊಂಡರೆ, ಗುಂಪು 3 ಮಿ.ಮೀ. ಎಡಕ್ಕಿದ್ದಾಗ 12 ಕ್ಲಿಕ್ ಬೇಕು. ನಿಮ್ಮ ಸೈಟಿನ ನಿಜವಾದ ಅಳತೆ ಅದರ ಕೈಪಿಡಿಯಲ್ಲಿರುತ್ತದೆ.

ಜರ್ಮನಿಯಲ್ಲಿ ತಯಾರಾದ ಸೈಟ್‌ಗಳ ಮೇಲೆ ಎಚ್ ಮತ್ತು ಟಿ ಎಂಬ ಅಕ್ಷರಗಳು ಕಾಣಬಹುದು. ಆ ಭಾಷೆಯಲ್ಲಿ 'ಹೋಖ್' ಅಂದರೆ ಮೇಲೆ, 'ಟೀಫ್' ಅಂದರೆ ಕೆಳಗೆ. ಆದರೆ ಕೆಲವದರಲ್ಲಿ 'ಪೆಲೆಟ್ ಮೇಲೆ ಬೀಳುತ್ತಿದ್ದರೆ ಈ ಕಡೆ ತಿರುಗಿಸಿ' ಎಂಬ ಅರ್ಥ ಇರುತ್ತದೆ. ಹತ್ತು ಕ್ಲಿಕ್ ತಿರುಗಿಸಿ ಹೊಡೆದು ನೋಡಿದರೆ ಅನುಮಾನ ಹೋಗುತ್ತದೆ.

ಹಳೆಯ ಸೈಟ್ ಕೊಳ್ಳುವವರಿಗೂ ಒಂದು ಪರೀಕ್ಷೆ ಇದೆ. ರೈಫಲ್ಲನ್ನು ದಿಂಬಿನ ಮೇಲೆ ಊರಿ ಐದು ಹೊಡೆಯಿರಿ. 20 ಕ್ಲಿಕ್ ಬಲಕ್ಕೆ ತಿರುಗಿಸಿ ಐದು ಹೊಡೆಯಿರಿ. ಮತ್ತೆ 20 ಕ್ಲಿಕ್ ಎಡಕ್ಕೆ ತಂದು ಐದು. ಮೂರನೆಯ ಗುಂಪು ಮೊದಲನೆಯದರ ಮೇಲೇ ಬರಬೇಕು. ಬರದಿದ್ದರೆ ತಿರುಪು ಸವೆದಿದೆ ಎಂದರ್ಥ.

ಓರೆ ಹಿಡಿದರೆ ಏನಾಗುತ್ತದೆ?

ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗೆ ಇಳಿಯುತ್ತದೆ. ಅದಕ್ಕೆ ಸರಿದೂಗುವ ಹಾಗೆ ನಳಿಕೆ ತುಸು ಮೇಲಕ್ಕೆ ನೋಡುವಂತೆ ಸೈಟನ್ನು ಹೊಂದಿಸಿರುತ್ತೇವೆ. ರೈಫಲ್ ಬಲಕ್ಕೆ ವಾಲಿದರೆ ಆ 'ಮೇಲಕ್ಕೆ' ಎನ್ನುವುದು ಸ್ವಲ್ಪ 'ಬಲಕ್ಕೆ' ಆಗುತ್ತದೆ. 5 ಡಿಗ್ರಿ ವಾಲಿದರೆ ಪೆಲೆಟ್ ಸುಮಾರು ಒಂದೂವರೆ ಮಿ.ಮೀ. ಬಲಕ್ಕೆ ಹೋಗುತ್ತದೆ. 10.9 ಬರಬೇಕಾದದ್ದು 10.3 ಆಗುತ್ತದೆ.

ಗಾರೆ ಕೆಲಸದವರ ರಸಮಟ್ಟದಂಥ ಪುಟ್ಟ ಗುಳ್ಳೆಯ ಲೆವೆಲ್ ಮುಂದಿನ ಸೈಟಿಗೆ ಸಿಗುತ್ತದೆ. ಉಂಗುರದ ಎರಡೂ ಕಡೆ ಅಡ್ಡಗೆರೆ ಇರುವ ಇನ್ಸರ್ಟ್ ಕೂಡ ಇದೇ ಕೆಲಸಕ್ಕೆ. ಬೇಕೆಂದೇ ತುಸು ವಾಲಿಸಿ ಹಿಡಿಯುವ ದೊಡ್ಡ ಆಟಗಾರರೂ ಇದ್ದಾರೆ. ಅವರದ್ದು ಪ್ರತಿ ಸಲವೂ ಅಷ್ಟೇ ವಾಲಿರುತ್ತದೆ, ಅದಕ್ಕೇ ತೊಂದರೆಯಿಲ್ಲ.

ಮೈಗೆ ಹೊಂದಬೇಕು

ನನ್ನ ಮಟ್ಟಿಗೆ ಇದು ಸೈಟಿಗಿಂತ ದೊಡ್ಡ ವಿಷಯ. ಒಂದು ಪರೀಕ್ಷೆ ಮಾಡಿ. ಮಗು ಕಣ್ಣು ಮುಚ್ಚಿಕೊಂಡು ರೈಫಲ್ ಎತ್ತಿ ಹೆಗಲಿಗೆ, ಕೆನ್ನೆಗೆ ಆನಿಸಲಿ. ಆಮೇಲೆ ಕಣ್ಣು ತೆರೆಯಲಿ. ಕಣ್ಣು ನೇರ ಕಿಂಡಿಯೊಳಗೇ ಇದ್ದರೆ ಹೊಂದಿಕೆ ಸರಿ. ಕುತ್ತಿಗೆ ಚಾಚಬೇಕಾದರೆ, ತಲೆ ಒತ್ತಬೇಕಾದರೆ ಕೆನ್ನೆಯ ಪಟ್ಟಿಯ ಎತ್ತರ, ಹೆಗಲ ತಟ್ಟೆಯ ಉದ್ದ ಬದಲಿಸಬೇಕು. ಇದಕ್ಕೆ ಖರ್ಚಿಲ್ಲ. ತಿರುಪು ತಿರುಗಿಸುವ ಒಂದು ಕೀಲಿ, ಒಬ್ಬ ಕೋಚ್, ಒಂದು ಮಧ್ಯಾಹ್ನ ಸಾಕು. ಬೆಳೆಯುವ ಮಕ್ಕಳಿಗೆ ಕೆಲವು ತಿಂಗಳಿಗೊಮ್ಮೆ ಮತ್ತೆ ನೋಡಬೇಕು.

ಜಾಕೆಟ್ಟಿನದು ಇನ್ನೊಂದು ಕಥೆ. ಸ್ಪರ್ಧೆಯ ರೈಫಲ್ ತೂಕ 5.5 ಕಿಲೋವರೆಗೆ ಇರಬಹುದು. ಅದನ್ನು 75 ನಿಮಿಷ ಎತ್ತಿ ಇಳಿಸುತ್ತ ನಿಲ್ಲಬೇಕು. ಕ್ಯಾನ್ವಾಸಿನ ಗಟ್ಟಿ ಜಾಕೆಟ್ ಬೆನ್ನಿಗೆ ಆಸರೆ ಕೊಡುತ್ತದೆ, ನಾಡಿಯ ಬಡಿತ ರೈಫಲ್ಲಿಗೆ ತಲುಪದಂತೆ ತಡೆಯುತ್ತದೆ. ಬಟ್ಟೆಯ ದಪ್ಪ 2.5 ಮಿ.ಮೀ. ಮೀರಬಾರದು. ಸ್ಪರ್ಧೆಗೆ ಮುಂಚೆ ಯಂತ್ರ ಇಟ್ಟು ದಪ್ಪ, ಬಿಗಿತ ಎರಡನ್ನೂ ಅಳೆಯುತ್ತಾರೆ. ಮೈ ಅಳತೆಗೆ ಹೊಲಿಸಿದ್ದು ಒಳ್ಳೆಯದು, ಆದರೆ ಭರದಿಂದ ಬೆಳೆಯುವ ವಯಸ್ಸಿನಲ್ಲಿ ಕ್ಲಬ್ಬಿನ ಹಳೆಯ ಜಾಕೆಟ್ಟಿನಲ್ಲೇ ಒಂದು ವರ್ಷ ಕಳೆದರೂ ನಷ್ಟವಿಲ್ಲ. ಚಪ್ಪಟೆ ಅಟ್ಟೆಯ ಷೂ ಮಾತ್ರ ಬೇಗ ಬೇಕು. ರೈಫಲ್ಲನ್ನು ತೋಳಿಗೆ ಬಿಗಿಯುವ ಬೆಲ್ಟು, ಅಂದರೆ ಸ್ಲಿಂಗ್, ಬೇಡವೇ ಬೇಡ, ನಿಂತು ಹೊಡೆಯುವ 10 ಮೀಟರಿನಲ್ಲಿ ಅದಕ್ಕೆ ಅನುಮತಿ ಇಲ್ಲ.

ಪೆಲೆಟ್ಟಿನಲ್ಲಿ ಕಂಜೂಸಿ ಮಾಡಬೇಡಿ. ಕಾಗದದಲ್ಲಿ ದುಂಡಗೆ ತೂತು ಬೀಳಿಸುವ ಚಪ್ಪಟೆ ತಲೆಯ ಮ್ಯಾಚ್ ಪೆಲೆಟ್ಟುಗಳೇ ಬೇಕು. 4.49, 4.50, 4.51 ಹೀಗೆ ಬೇರೆ ಬೇರೆ ತಲೆ ಅಳತೆಯವು ಸಿಗುತ್ತವೆ. ನಿಮ್ಮ ನಳಿಕೆಗೆ ಯಾವುದು ಒಗ್ಗುತ್ತದೆ ಎಂದು ಊರಿ ಹೊಡೆದೇ ತಿಳಿಯಬೇಕು. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯದೆ ತಿಂಡಿ ತಿನ್ನಬಾರದು. ಗಾಳಿ ಸಿಲಿಂಡರಿನ ಮೇಲೆ ತಯಾರಾದ ದಿನ ಕೆತ್ತಿರುತ್ತದೆ. 10 ವರ್ಷ ದಾಟಿದ್ದನ್ನು ಸ್ಪರ್ಧೆಗೆ ತರುವಂತಿಲ್ಲ. ಹಳೆಯ ರೈಫಲ್ ಕೊಳ್ಳುವಾಗ ಇದನ್ನು ಮೊದಲು ನೋಡಿ.

ಸ್ಕೋಪೇ ಬೇಕು ಅನ್ನುವವರಿಗೆ

ಸ್ಪರ್ಧೆಯ ಆಸೆ ಇಲ್ಲ, ತೋಟದಲ್ಲಿ ಡಬ್ಬ ಇಟ್ಟು ಗುರಿ ಹೊಡೆಯುವ ಖುಷಿ ಸಾಕು ಎನ್ನುವವರೂ ಇದ್ದಾರೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಹೊಡೆಯುವುದನ್ನು ನೋಡಿದವರಿಗೆ ಆ ಖುಷಿ ಗೊತ್ತು. ಇಂಥವರು ಸ್ಕೋಪ್ ಹಾಕಿಕೊಳ್ಳಬಹುದು.

3-9x40 ಎಂದು ಬರೆದಿದ್ದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 40 ಮಿ.ಮೀ. ಅಗಲ ಎಂದರ್ಥ. ಪಟ್ಟು ಹೆಚ್ಚಾದಷ್ಟೂ ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಮುಖ್ಯವಾಗಿ ನೋಡಬೇಕಾದದ್ದು ಪ್ಯಾರಲಾಕ್ಸ್. ಬೈಕಿನ ಹಿಂದೆ ಕೂತು ಸ್ಪೀಡೋಮೀಟರ್ ನೋಡಿದರೆ ಮುಳ್ಳು ಬೇರೆಯೇ ಅಂಕಿ ತೋರಿಸುತ್ತದೆ ಅಲ್ವಾ? ಕಣ್ಣು ಸರಿದಾಗ ಸ್ಕೋಪಿನ ಅಡ್ಡಗೆರೆಯೂ ಹಾಗೇ ಗುರಿಯ ಮೇಲೆ ಸರಿಯುತ್ತದೆ. ದೊಡ್ಡ ಬಂದೂಕಿನ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಏರ್ ಗನ್ನಿಗೆ ಹತ್ತು ಗಜದಷ್ಟು ಹತ್ತಿರಕ್ಕೂ ಹೊಂದಿಸಬಹುದಾದದ್ದು ಬೇಕು.

ಸ್ಪ್ರಿಂಗ್ ಏರ್ ಗನ್ ಇದ್ದರೆ ಇನ್ನೊಂದು ಎಚ್ಚರ. ಅದರೊಳಗಿನ ಪಿಸ್ಟನ್ ಮುಂದಕ್ಕೆ ನುಗ್ಗಿ ಗಕ್ಕನೆ ನಿಲ್ಲುತ್ತದೆ. ಗನ್ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಒದೆಯುತ್ತದೆ. ಹಿಂದಿನ ಒದೆತಕ್ಕಷ್ಟೇ ತಯಾರಾದ ಸ್ಕೋಪ್ ಇದರಿಂದ ಒಳಗೇ ಒಡೆಯಬಹುದು. ಏರ್ ಗನ್ನಿಗೆಂದೇ ಮಾಡಿದ್ದನ್ನು ಕೇಳಿ. ಸ್ಕೋಪನ್ನು ಗನ್ನಿಗೆ ಹಿಡಿಸುವ ಮೌಂಟ್ ಕೊಳ್ಳುವ ಮುಂಚೆ, ಅದು ಕೂರುವ ಗನ್ನಿನ ಮೇಲಿನ ಹಳಿ 11 ಮಿ.ಮೀ. ಅಗಲದ್ದಾ ಎಂದು ಅಳೆಯಿರಿ, ಹೆಚ್ಚಿನ ಏರ್ ಗನ್‌ಗಳಲ್ಲಿ ಅದೇ ಇರುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ.ಗಿಂತ ದೊಡ್ಡ ನಳಿಕೆಯ ಅಥವಾ 20 ಜೂಲ್‌ಗಿಂತ ಹೆಚ್ಚು ಶಕ್ತಿಯ ಏರ್ ಗನ್‌ಗೆ ಲೈಸೆನ್ಸ್ ಬೇಕು. ಸ್ಪರ್ಧೆಯ ಏರ್ ರೈಫಲ್ ಶಕ್ತಿ ಸುಮಾರು 8 ಜೂಲ್, ಅದು ಈ ಮಿತಿಯೊಳಗೇ ಇದೆ. ಹಕ್ಕಿ, ಅಳಿಲಿನ ಕಡೆ ಗುರಿ ಇಡಲೇಬಾರದು. ಕಾಡುಪ್ರಾಣಿ ಬೇಟೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಅದಕ್ಕೂ ಮೊದಲು, ಅದೊಂದು ಜೀವ.

ಕಡಿಮೆ ಬೆಲೆಯ ಎರಡು ಸಾಮಾನು

ಮೊದಲನೆಯದು ಸೇಫ್ಟಿ ಫ್ಲ್ಯಾಗ್. ನಳಿಕೆಯ ಉದ್ದಕ್ಕೂ ತೂರಿಸುವ ಬಣ್ಣದ ದಾರ. ದಾರ ಎರಡೂ ಕಡೆ ಕಾಣುತ್ತಿದ್ದರೆ ಒಳಗೆ ಪೆಲೆಟ್ ಇಲ್ಲ ಎಂದು ದೂರದಲ್ಲಿರುವವರಿಗೂ ಗೊತ್ತಾಗುತ್ತದೆ. ರೇಂಜಿನಲ್ಲಿ ಇದು ಕಡ್ಡಾಯ. ಮನೆಯಲ್ಲೂ ಹಾಗೇ ಇಟ್ಟುಕೊಳ್ಳಿ.

ಎರಡನೆಯದು ಒಂದು ನೋಟ್‌ಬುಕ್. ಸೈಟ್ ಸರಿಯಾಗಿ ಹೊಂದಿದ ದಿನ ಎರಡೂ ತಿರುಪುಗಳನ್ನು ಒಂದು ತುದಿಯವರೆಗೆ ತಿರುಗಿಸಿ, ಎಷ್ಟು ಕ್ಲಿಕ್ ಆಯಿತು ಎಂದು ಎಣಿಸಿ ಬರೆದಿಡಿ. ಆಮೇಲೆ ಅಷ್ಟೇ ಕ್ಲಿಕ್ ವಾಪಸ್ ತನ್ನಿ. ಉಂಗುರದ ಅಳತೆ, ಐರಿಸ್ ಅಳತೆ, ಕೆನ್ನೆ ಪಟ್ಟಿಯ ಎತ್ತರವನ್ನೂ ಬರೆಯಿರಿ. ಬಸ್ಸಿನಲ್ಲೋ ವಿಮಾನದಲ್ಲೋ ಪೆಟ್ಟಿಗೆಗೆ ಏಟು ಬಿದ್ದು, ಸ್ಪರ್ಧೆಯ ಬೆಳಿಗ್ಗೆ ಮೊದಲ ಪೆಲೆಟ್ ನಾಲ್ಕಕ್ಕೆ ಬಿದ್ದರೆ, ಮಗು ಆ ಪುಟ ತೆರೆದು ಕ್ಲಿಕ್ ಎಣಿಸಲು ಶುರು ಮಾಡಬಹುದು.